ಬೆಕ್ಕಿನ ಗಂಟಲಿಗೆ ತಿಗರಿಯ ಸದ್ದು ಬಂದದ್ದು

ಲೋಕ ಆಗಿನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳ ಮೈ ಒಣಗಿರಲಿಲ್ಲ. ಯಾವ ಕಡೆ ಹರಿಯಬೇಕು ಅನ್ನುವುದೇ ಹೊಳೆಗೆ ಸರಿಯಾಗಿ ಗೊತ್ತಿರಲಿಲ್ಲ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುತ್ತಿತ್ತು. ಕಾಗೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ಮನುಷ್ಯರು ಅವಕ್ಕೆ ಉತ್ತರ ಕೊಡುತ್ತಿದ್ದರು. ಆಗ ಅದೇನೂ ಸೋಜಿಗದ ಸಂಗತಿಯಲ್ಲ.

ಒಂದು ದಿನ ಗಾಳಿ ದನಿಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೊಳೆದಂಡೆಗೆ ಬಂತು. ಪ್ರಾಣಿಗಳೆಲ್ಲ ಸಾಲಾಗಿ ನಿಂತವು. ಒಂದೊಂದಕ್ಕೂ ಎರಡೆರಡು ದನಿ. ಒಂದು, ಹಸಿವಾದಾಗ ಕೂಗುವುದಕ್ಕೆ. ಇನ್ನೊಂದು, ಮನಸ್ಸಿನಲ್ಲಿದ್ದದ್ದನ್ನು ತನ್ನವರ ಹತ್ತಿರ ಹೇಳಿಕೊಳ್ಳುವುದಕ್ಕೆ. ಹಸು ಅಂಬಾ ಅನ್ನುವುದನ್ನು ತಗೊಂಡಿತು, ಕರುವಿನ ಕಿವಿಯ ಹತ್ತಿರ ಮೆಲ್ಲಗೆ ಹೂಂ ಅನ್ನುವುದನ್ನೂ ತಗೊಂಡಿತು. ನಾಯಿ ಬೊಗಳುವುದನ್ನು ತಗೊಂಡಿತು, ಕುಂಯ್‌ಗುಡುವುದನ್ನೂ ತಗೊಂಡಿತು. ಕಾಗೆ ಕಣ್ಣು ತಪ್ಪಿಸಿ ನಾಲ್ಕು ಎತ್ತಿಕೊಂಡಿತು, ಅದರ ಬುದ್ಧಿ ಗೊತ್ತೇ ಇದೆಯಲ್ಲ.

ಬೆಕ್ಕು ಮಾತ್ರ ಸಾಲಿನಲ್ಲಿ ನಿಲ್ಲಲಿಲ್ಲ. ಅದರ ಗತ್ತು ನೋಡಬೇಕಿತ್ತು. ಬಂಡೆಯ ಮೇಲೆ ಕೂತು ಮುಖ ತೊಳೆಯಿತು, ಬಾಲ ತೊಳೆಯಿತು, ಎಲ್ಲರದೂ ಮುಗಿದ ಮೇಲೆ ಇಳಿದು ಬಂದು ಒಂದೇ ಒಂದು ಮ್ಯಾಂವ್ ತಗೊಂಡು ಹೊರಟಿತು. ಇನ್ನೊಂದನ್ನು ಬಿಟ್ಟೆಯಲ್ಲ ಅಂತ ಗಾಳಿ ಹಿಂದಿನಿಂದ ಕರೆಯಿತು. ಬೆಕ್ಕು ತಿರುಗಿ ಕೂಡ ನೋಡಲಿಲ್ಲ. ಹೇಳಿಕೊಳ್ಳುವುದಕ್ಕೆ ನನಗೆ ಯಾರೂ ಇಲ್ಲ, ಯಾರೂ ಬೇಕಾಗಿಯೂ ಇಲ್ಲ ಅನ್ನುವ ಹಾಗೆ ಬಾಲ ನೆಟ್ಟಗೆ ಮಾಡಿಕೊಂಡು ನಡೆದುಬಿಟ್ಟಿತು. ಗಾಳಿಗೂ ಸಿಟ್ಟು ಬಂತು. ಉಳಿದಿದ್ದ ದನಿಯನ್ನು ಹೊಳೆಗೆ ಎಸೆದು, ಗಂಟಿನ ಬಟ್ಟೆ ಕೊಡವಿ ಹೋಯಿತು.

ಅವತ್ತಿನಿಂದ ಬೆಕ್ಕಿನ ಕುಲವೇ ಒಂಟಿ. ಬಂಡೆಯ ಸಂದಿಯಲ್ಲಿ ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ತೆರೆದು ಮಲಗುತ್ತಿತ್ತು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಗಾಯವಾದರೆ ಮಾಯುತ್ತಿರಲಿಲ್ಲ. ಎಲೆ ಅಲ್ಲಾಡಿದರೂ ಎದೆ ಧಸಕ್ಕೆನ್ನುತ್ತಿತ್ತು, ಹಾಗಿದ್ದರೆ ಯಾವ ಜೀವಕ್ಕೆ ನೆಮ್ಮದಿ ಇರುತ್ತೆ ಹೇಳು ಮಗಾ. ಮೂರು ಮಳೆಗಾಲ ಕಂಡ ಬೆಕ್ಕನ್ನು ಆಗ ಯಾರೂ ನೋಡಿಯೇ ಇರಲಿಲ್ಲ.

ಹೊಳೆಯ ದಂಡೆಯಲ್ಲಿ ಕುಂಬಾರರ ಕೇರಿ ಇತ್ತು. ಅಲ್ಲಿ ಚೌಡಪ್ಪ ಅಂತ ಒಬ್ಬ, ಅವನ ಹೆಂಡತಿ ಮಾಳವ್ವ. ಮಾಳವ್ವ ಅಂಗಳದ ಗುಂಡಿಯಲ್ಲಿ ಮಣ್ಣು ತುಳಿದು ಹದ ಮಾಡುತ್ತಿದ್ದಳು. ಚೌಡಪ್ಪ ತಿಗರಿಯ ಮೇಲೆ ಆ ಮಣ್ಣನ್ನಿಟ್ಟು ಮಡಕೆ ಮಾಡುತ್ತಿದ್ದ. ತಿಗರಿ ಅಂದರೆ ಕುಂಬಾರರ ಚಕ್ರ. ಕೋಲು ಹಾಕಿ ಜೋರಾಗಿ ತಿರುಗಿಸಿ ಬಿಟ್ಟರೆ ಗುರ್ ಗುರ್ ಅಂತ ಸದ್ದು ಮಾಡುತ್ತ ತಾನೇ ತಿರುಗುತ್ತೆ.

ಚೌಡಪ್ಪ ಒಳ್ಳೆಯವನೇ, ಆದರೆ ಅವನ ತಲೆಯಲ್ಲಿ ಇದ್ದದ್ದು ಒಂದೇ. ಲೋಕದಲ್ಲಿ ಏನೇ ತೊಂದರೆ ಬರಲಿ, ಅದಕ್ಕೆ ತಕ್ಕ ಪಾತ್ರೆ ಇಲ್ಲದಿರುವುದೇ ಕಾರಣ ಅಂತ ಅವನ ನಂಬಿಕೆ. ನೀರು ಬೆಚ್ಚಗಾಯಿತು ಅಂದರೆ ಹೂಜಿಯ ಕತ್ತು ಸರಿಯಿಲ್ಲ ಅನ್ನುವನು. ಸಾರು ಹಳಸಿತು ಅಂದರೆ ಗಡಿಗೆಯ ಬಾಯಿ ಅಗಲವಾಯಿತು ಅನ್ನುವನು. ನೆರೆಮನೆಯ ಅತ್ತೆ ಸೊಸೆ ಕಿತ್ತಾಡಿದಾಗ, ಇಬ್ಬರಿಗೂ ಬೇರೆಬೇರೆ ಅನ್ನದ ಮಡಕೆ ಮಾಡಿಕೊಟ್ಟು ಬಂದಿದ್ದ. ಮಾಳವ್ವ ನಕ್ಕು ಸಾಕಾಗಿದ್ದಳು.

ಒಂದು ದಿನ ಅವರ ಹುಲ್ಲಿನ ಮೆದೆಯ ಬುಡಕ್ಕೆ ಬೆಕ್ಕೊಂದು ಬಂದು ಸೇರಿತು. ಕಿವಿ ಹರಿದು ಕೀವಾಗಿತ್ತು, ಪಕ್ಕೆಲುಬು ಎಣಿಸಬಹುದಿತ್ತು. ಮೈ ಬಣ್ಣ ಆವಿಗೆಯಲ್ಲಿ ಮಡಕೆ ಸುಟ್ಟ ಮೇಲೆ ಉಳಿಯುವ ಬೂದಿಯ ಬಣ್ಣ. ಮಾಳವ್ವ ಅದನ್ನು ಓಡಿಸಲಿಲ್ಲ, ಹಿಡಿಯುವುದಕ್ಕೂ ಹೋಗಲಿಲ್ಲ. ಬೂದಿ ಅಂತ ಹೆಸರಿಟ್ಟು, ತನ್ನ ಪಾಡಿಗೆ ತಾನು ಮಣ್ಣು ತುಳಿಯುತ್ತ ಅದರ ಜೊತೆ ಮಾತಾಡುತ್ತಿದ್ದಳು. ಬಿಸಿಲಿನ ಮಾತು, ಹಿಮ್ಮಡಿ ಒಡೆದ ಮಾತು, ಗಂಡನ ಮೇಲಿನ ದೂರು, ಎಲ್ಲ. ಬೆಕ್ಕು ದಿನಕ್ಕೆ ಒಂದು ಮೊಳ ಹತ್ತಿರ ಬಂತು. ಹನ್ನೆರಡನೇ ದಿನ ಗುಂಡಿಯ ಅಂಚಿಗೆ ಬಂದು ಕೂತಿತು. ಅವತ್ತು ಸಂಜೆ ಮಾಳವ್ವ ತಿಗರಿಯ ಪಕ್ಕ ಕೂತು ಕಾಲು ಚಾಚಿದಾಗ, ತಾನೇ ಅವಳ ತೊಡೆ ಹತ್ತಿ, ಎರಡು ಸುತ್ತು ಸುತ್ತಿ, ಮಲಗಿಬಿಟ್ಟಿತು.

ಎರಡೂ ಕಣ್ಣು ಮುಚ್ಚಿ ಮಲಗಿತ್ತು. ಲೋಕ ಹುಟ್ಟಿದ ಮೇಲೆ ಬೆಕ್ಕೊಂದು ಎರಡೂ ಕಣ್ಣು ಮುಚ್ಚಿ ನಿದ್ದೆ ಮಾಡಿದ್ದು ಅದೇ ಮೊದಲು.

ಆಮೇಲೆ ನೋಡು, ಅದರ ಕಿವಿ ಮಾಯಿತು. ಮೈ ತುಂಬಿಕೊಂಡಿತು, ಕೂದಲು ನುಣುಪಾಯಿತು. ಎಲೆ ಅಲ್ಲಾಡಿದರೆ ಹೆದರುವ ಬದಲು ಎಲೆಯ ಜೊತೆ ಆಡುವುದಕ್ಕೆ ಹೋಗುತ್ತಿತ್ತು. ಮೂರನೇ ಮಳೆಗಾಲ ದಾಟಿತು, ನಾಲ್ಕನೆಯದೂ ದಾಟಿತು. ಕೇರಿಯ ಹೆಂಗಸರಿಗೆಲ್ಲ ಆಶ್ಚರ್ಯ. ಏನು ಹಾಕ್ತೀಯೆ ಇದಕ್ಕೆ ಅಂತ ಕೇಳಿದರೆ, ನೀವು ಹಾಕೋದನ್ನೇ ಹಾಕ್ತೀನಿ, ಆದರೆ ಹಾಕಿ ಎದ್ದು ಹೋಗಲ್ಲ ಅನ್ನುತ್ತಿದ್ದಳು ಮಾಳವ್ವ. ಚೌಡಪ್ಪನಿಗೆ ಮಾತ್ರ ಒಳಗೊಳಗೇ ಹೆಮ್ಮೆ. ಬೆಕ್ಕು ಹಾಲು ಕುಡಿಯುವ ಬಟ್ಟಲು ಅವನು ಮಾಡಿದ್ದಲ್ಲವೇ.

ಐದನೇ ಮಳೆಗಾಲ ಮುಗಿಯುವ ಹೊತ್ತಿಗೆ ಮಾಳವ್ವನಿಗೆ ಜ್ವರ ಬಂತು. ಮೂರು ದಿನ ಕಾದ ಕಾವಲಿಯ ಹಾಗೆ ಮೈ ಸುಟ್ಟಿತು. ಬೂದಿ ಅವಳ ಕಾಲಿನ ಹತ್ತಿರದಿಂದ ಕದಲಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮಾಳವ್ವ ಗಂಡನನ್ನು ಹತ್ತಿರ ಕರೆದಳು.

"ಬೂದಿನ ನೋಡ್ಕೋ," ಅಂದಳು. "ಹಾಲು ಹಾಕಿ ಎದ್ದು ಹೋಗ್ಬೇಡ. ಒಂದಿಷ್ಟು ಹೊತ್ತು ಹತ್ರ ಕೂತ್ಕೋ. ಅದಕ್ಕೆ ಹೇಳ್ಕೊಳ್ಳಕ್ಕೆ ಬರಲ್ಲ."

ಚೌಡಪ್ಪ ಆಗಲಿ ಅಂದ. ಆದರೆ ಆ ಹೊತ್ತಿನಲ್ಲಿ ಅವನ ಕಿವಿಗೆ ಬಿದ್ದದ್ದು ಹಾಲು ಅನ್ನುವ ಒಂದು ಮಾತು ಮಾತ್ರ. ಮಧ್ಯಾಹ್ನದ ಹೊತ್ತಿಗೆ ಮಾಳವ್ವ ಹೋಗಿಬಿಟ್ಟಳು.

ಕುಂಬಾರರಲ್ಲಿ ಆಗ ಒಂದು ಪದ್ಧತಿ ಇತ್ತು. ಮನೆಯಲ್ಲಿ ಸಾವಾದರೆ ಹನ್ನೊಂದು ದಿನ ತಿಗರಿ ತಿರುಗಕೂಡದು. ಅದನ್ನು ಗೂಟದಿಂದ ಇಳಿಸಿ, ಗೋಡೆಯ ಕಡೆಗೆ ಮುಖ ಮಾಡಿ ಒರಗಿಸಿ, ಮೇಲೆ ಗೋಣಿತಾಟು ಹೊದಿಸುತ್ತಿದ್ದರು. ತಿಗರಿ ತಿರುಗಿದರೆ ಹೊರಟ ಜೀವಕ್ಕೆ ತಲೆ ಸುತ್ತುತ್ತೆ, ದಾರಿ ತಪ್ಪುತ್ತೆ ಅನ್ನುವರು. ಕೇರಿಯ ಹಿರಿಯ ಗಿರಿಯಜ್ಜ ಬಂದು ತನ್ನ ಕೈಯಾರೆ ಚೌಡಪ್ಪನ ತಿಗರಿ ಇಳಿಸಿ ಹೋದ. ಮನೆ ಗಪ್‌ಚಿಪ್ ಆಯಿತು. ಗುಂಡಿಯಲ್ಲಿ ಮಾಳವ್ವ ಅರ್ಧ ತುಳಿದು ಬಿಟ್ಟಿದ್ದ ಮಣ್ಣು ಹಾಗೇ ಇತ್ತು. ಅದರ ತುಂಬ ಅವಳ ಹೆಜ್ಜೆಗಳಿದ್ದವು.

ಬೂದಿ ಮೊದಲನೇ ದಿನ ಮನೆಯೆಲ್ಲ ಹುಡುಕಿತು. ಒಲೆಯ ಹಿಂದೆ, ಮೆದೆಯ ಹಿಂದೆ, ಮಡಕೆಗಳ ಸಾಲಿನ ಹಿಂದೆ. ಎರಡನೇ ದಿನ ಗುಂಡಿಗೆ ಇಳಿದು, ಅವಳ ಹಿಮ್ಮಡಿ ಆಳವಾಗಿ ಊರಿದ್ದ ಒಂದು ಹೆಜ್ಜೆಯಲ್ಲಿ ಮುದುಡಿಕೊಂಡು ಮಲಗಿತು. ಆಮೇಲೆ ಏಳಲಿಲ್ಲ. ಒಂದು ಸಲ ಮ್ಯಾಂವ್ ಅಂದಿತು, ಪಾಪ, ಅದಕ್ಕೆ ಬರುತ್ತಿದ್ದದ್ದು ಅದೊಂದೇ. ಹಸಿವಾಗಿರಬೇಕು ಅಂದುಕೊಂಡ ಚೌಡಪ್ಪ ಬಟ್ಟಲಲ್ಲಿ ಹಾಲು ತಂದು ಅಂಚಿನಲ್ಲಿಟ್ಟು ಮುಖ ತಿರುಗಿಸಿಕೊಂಡು ಒಳಗೆ ಹೋದ.

ಸಂಜೆ ಬಂದು ನೋಡಿದರೆ ಹಾಲು ಹಾಗೇ ಇತ್ತು. ಚೌಡಪ್ಪನಿಗೆ ತಕ್ಷಣ ತೋಚಿದ್ದು ಏನು ಗೊತ್ತೇ? ಬಟ್ಟಲಿನ ಅಂಚು ಎತ್ತರವಾಯಿತು ಅಂತ. ಅಟ್ಟದ ಮೇಲಿದ್ದ ಮಾಲಿನಲ್ಲಿ ಹುಡುಕಿ ಅಂಚು ತಗ್ಗಿದ್ದನ್ನು ತಂದ. ಅದರಲ್ಲೂ ಕುಡಿಯಲಿಲ್ಲ. ಮಾರನೇ ದಿನ ಅಗಲ ಬಾಯಿಯದ್ದು ತಂದ. ಆಮೇಲೆ ಕರಿಯದ್ದು, ಆಮೇಲೆ ಕೆಂಪನೆಯದ್ದು, ಆಮೇಲೆ ಚಿಕ್ಕದೊಂದು. ಮದುವೆ ಮನೆಗೆಂದು ಸುಣ್ಣ ಬಳಿದು ಇಟ್ಟಿದ್ದ ಚಿತ್ತಾರದ ಕುಡಿಕೆಯನ್ನೂ ತಂದ. ಏಳನೇ ದಿನಕ್ಕೆ ಗುಂಡಿಯ ಸುತ್ತ ಏಳು ಪಾತ್ರೆಗಳಿದ್ದವು, ಒಂದರಲ್ಲೂ ಹಾಲು ಕಡಿಮೆಯಾಗಿರಲಿಲ್ಲ. ಬೆಕ್ಕು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಮಾಯಿದ್ದ ಕಿವಿ ಮತ್ತೆ ಹುಣ್ಣಾಯಿತು. ಮಣ್ಣು ಒಣಗುತ್ತ ಬಂದು ಮಾಳವ್ವನ ಹೆಜ್ಜೆಗಳು ಬಿರುಕು ಬಿಟ್ಟವು.

ಚೌಡಪ್ಪನಿಗೆ ಹೆದರಿಕೆ ಹತ್ತಿತು. ಅವಳು ಕೊನೆಗೆ ಕೇಳಿದ್ದು ಇದೊಂದನ್ನೇ. ಇದೂ ಸತ್ತರೆ ಅವಳಿಗೆ ಏನಂತ ಹೇಳಲಿ ಅಂದುಕೊಂಡ. ಇಷ್ಟಾದರೂ ಅವನ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಜನ ಅದನ್ನೂ ಆಡಿಕೊಂಡಿದ್ದರು.

ಅವನು ಕಾಗೆಯನ್ನು ಕೇಳಿದ. ಕಾಗೆ ಒಂದು ಬಟ್ಟಲು ಖಾಲಿ ಮಾಡಿ, ಹಾಲು ಚೆನ್ನಾಗಿಯೇ ಇದೆ, ಏನೂ ಕೊರತೆ ಇಲ್ಲ ಅಂತ ಹೇಳಿ ಹಾರಿತು. ಅದನ್ನು ಕೇಳಿದ್ದೇ ತಪ್ಪು.

ಅವನು ಗಾಳಿಯನ್ನು ಕೇಳಿದ. ಗಾಳಿ ಗುಂಡಿಯ ಮೇಲೆ ಒಂದು ಸುತ್ತು ಬಂದು ಬೆಕ್ಕಿನ ಮೈ ಸವರಿತು. ಇದಕ್ಕೆ ಹಸಿವಲ್ಲ, ದುಃಖ ಅಂದಿತು. ಹೇಳಿಕೊಳ್ಳುವ ದನಿಯನ್ನು ಇದರ ಕುಲದ ಮೊದಲ ಬೆಕ್ಕು ದನಿ ಹಂಚಿದ ದಿನವೇ ಬಿಟ್ಟು ಹೋಯಿತು, ನಾನಾದರೂ ಸಿಟ್ಟು ಮಾಡಿಕೊಳ್ಳದೆ ಕಾದಿದ್ದರೆ ಆಗುತ್ತಿತ್ತು, ಈಗ ನನ್ನ ಗಂಟಿನಲ್ಲಿ ಏನೂ ಇಲ್ಲ ಅಂತ ತಗ್ಗಿದ ದನಿಯಲ್ಲಿ ಹೇಳಿ ಹೋಯಿತು.

ಎಂಟನೇ ದಿನ ಚೌಡಪ್ಪ ಹೊಳೆಯ ಹತ್ತಿರ ಹೋಗಿ ಕಲ್ಲಿನ ಮೇಲೆ ಕೂತ. ಎಲ್ಲ ಪಾತ್ರೆಯೂ ಇಟ್ಟು ನೋಡಿದೆ, ಇನ್ನು ಯಾವುದು ಮಾಡಲಿ ಅಂತ ಕೇಳಿದ.

"ಚೌಡಪ್ಪ," ಅಂದಿತು ಹೊಳೆ, "ಮಣ್ಣಿಗೆ ನನ್ನ ನೀರು ಸುರಿದು ನೀನು ಮನೆಗೆ ಹೋಗಿ ಮಲಗಿದ್ರೆ ಮಡಕೆ ಆಗುತ್ತಾ?"

"ಆಗಲ್ಲ. ರಾಡಿ ಆಗುತ್ತೆ. ತುಳೀಬೇಕು, ಕೈ ಇಡಬೇಕು, ಹತ್ರ ಇರಬೇಕು."

"ಮತ್ತೆ ಬೆಕ್ಕಿನ ಮುಂದೆ ಹಾಲು ಸುರಿದು ಯಾಕೆ ಓಡಿ ಬರ್ತೀಯ?"

"ಆ ಗುಂಡಿಲಿ ಅವಳ ಹೆಜ್ಜೆ ಇದೆ," ಅಂದ. "ನನ್ನ ಕೈಲಿ ನೋಡಕ್ಕಾಗಲ್ಲ."

ಚೌಡಪ್ಪ ಎದ್ದು ಮನೆಗೆ ಬಂದ. ಏಳು ಪಾತ್ರೆಗಳನ್ನೂ ಪಕ್ಕಕ್ಕೆ ಸರಿಸಿ, ಮೊದಲ ಸಲ ಆ ಗುಂಡಿಗೆ ಇಳಿದ. ಹೆಜ್ಜೆ ತುಳಿಯದ ಹಾಗೆ ಕಾಲಿಡುವುದಕ್ಕೆ ಜಾಗವೇ ಇರಲಿಲ್ಲ. ಹೇಗೋ ಒಂದು ಮೂಲೆಯಲ್ಲಿ ಕೂತು ಬೂದಿಯನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡ. ಒಣಗಿದ ಬೆರಣಿಯಷ್ಟೂ ಭಾರವಿರಲಿಲ್ಲ. ಏನು ಮಾತಾಡಬೇಕು ಅಂತ ಅವನಿಗೆ ತಿಳಿಯಲಿಲ್ಲ, ಮಾತಾಡುವ ಕೆಲಸ ಯಾವಾಗಲೂ ಮಾಳವ್ವನದ್ದಾಗಿತ್ತು. ಬಿಸಿಲಿನ ಮಾತಾಡಿದ. ಮಣ್ಣು ಒಣಗಿದ ಮಾತಾಡಿದ. ಕೊನೆಗೆ ಅವನ ಬಾಯಿಂದ ತಾನಾಗಿಯೇ ಬಂತು.

"ಅವಳಿಲ್ಲ ಕಣೆ. ನಿನಗೂ ಇಲ್ಲ, ನನಗೂ ಇಲ್ಲ."

ಬೆಕ್ಕು ಕಣ್ಣು ತೆರೆಯಲಿಲ್ಲ. ಆದರೆ ಇಳಿದು ಹೋಗಲೂ ಇಲ್ಲ. ಚೌಡಪ್ಪ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದ.

ಒಂಬತ್ತನೇ ದಿನ ಬೆಳಿಗ್ಗೆ ಬೆಕ್ಕಿಗೆ ಉಸಿರು ಎಳೆಯುವುದು ಕಷ್ಟವಾಯಿತು. ಚೌಡಪ್ಪ ಅದರ ಎದೆಯ ಮೇಲೆ ಕೈಯಿಟ್ಟು ಕೂತವನು ಮಾಳವ್ವನ ಸಂಜೆಗಳನ್ನು ನೆನೆಸಿಕೊಂಡ. ಬೆಕ್ಕು ಯಾವಾಗ ಮಲಗುತ್ತಿತ್ತು? ಅವಳು ತಿಗರಿಯ ಪಕ್ಕ ಕೂತಾಗ. ತಿಗರಿಯ ಸದ್ದು ನೆಲದಿಂದ ಅವಳ ತೊಡೆಗೆ, ಅವಳ ತೊಡೆಯಿಂದ ಬೆಕ್ಕಿನ ಮೈಗೆ ಹೋಗುತ್ತಿತ್ತು. ಆ ಸದ್ದಿನ ಅಭ್ಯಾಸವಾಗಿದ್ದ ಜೀವ ಒಂಬತ್ತು ದಿನದಿಂದ ಈ ಮೌನದಲ್ಲಿ ಬಿದ್ದಿದೆ. ಅವನು ಬೂದಿಯನ್ನು ಸೆರಗಿನ ಹಾಗೆ ಪಂಚೆಯ ಮಡಿಲಲ್ಲಿ ಕಟ್ಟಿಕೊಂಡು ಎದ್ದ. ಗೋಣಿತಾಟು ತೆಗೆದ. ತಿಗರಿಯನ್ನು ಉರುಳಿಸಿಕೊಂಡು ಬಂದು ಗೂಟದ ಮೇಲೆ ಕೂರಿಸಿದ.

ಕೇರಿಯಲ್ಲಿ ಅದನ್ನು ಕಂಡವರು ಗಿರಿಯಜ್ಜನಿಗೆ ಹೋಗಿ ಹೇಳಿದರು. ಗಿರಿಯಜ್ಜ ಕೋಲೂರಿಕೊಂಡು ಬಂದ. ಇನ್ನೆರಡು ದಿನ ತಡೆಯುವುದಕ್ಕಾಗಲ್ಲವೇ, ಕಟ್ಟಿಕೊಂಡವಳು ದಾರಿ ತಪ್ಪಲಿ ಅಂತಿದ್ದೀಯಾ ಅಂತ ಬೈದ. ಚೌಡಪ್ಪನಿಗೂ ಅದೇ ಭಯ. ಮಾಳವ್ವ ಎಲ್ಲೋ ದಾರಿ ಕಾಣದೆ ನಿಂತುಬಿಟ್ಟರೆ ಅಂತ.

"ಮಣ್ಣು ಇಡಲ್ಲ ಕಣಜ್ಜ," ಅಂದ. "ಬರೀ ತಿರುಗಿಸ್ತೀನಿ. ಅವಳು ಗಟ್ಟಿಗಿತ್ತಿ, ದಾರಿ ಹುಡ್ಕೊಂತಾಳೆ. ಇದಕ್ಕೆ ದಾರಿ ಗೊತ್ತಾಗ್ತಿಲ್ಲ."

ಗಿರಿಯಜ್ಜ ಮಡಿಲಲ್ಲಿದ್ದ ಬೆಕ್ಕನ್ನು ನೋಡಿದ. ಜಗಲಿಯ ಮೇಲೆ ಕೂತುಬಿಟ್ಟ.

ಚೌಡಪ್ಪ ಕೋಲು ಹಾಕಿ ತಿಗರಿ ತಿರುಗಿಸಿದ. ಬರಿಯ ತಿಗರಿ, ಮೇಲೆ ಹಿಡಿ ಮಣ್ಣೂ ಇಲ್ಲ. ಗುರ್ ಗುರ್ ಅಂತ ಸದ್ದು ಹೊರಟಿತು. ಬೆಕ್ಕಿನ ಕಿವಿ ಅಲ್ಲಾಡಿತು. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆಯಿತು. ತಿಗರಿ ನಿಧಾನವಾಗಿ ನಿಂತಿತು, ಬೆಕ್ಕಿನ ಕಣ್ಣೂ ಮುಚ್ಚಿತು. ಚೌಡಪ್ಪ ಮತ್ತೆ ತಿರುಗಿಸಿದ. ಮತ್ತೆ ಕಣ್ಣು ತೆರೆಯಿತು. ನಿಂತರೆ ಮುಚ್ಚುವುದು, ತಿರುಗಿದರೆ ತೆರೆಯುವುದು. ಹೊತ್ತು ಏರಿತು, ಅವನ ಬೆವರು ಇಳಿಯಿತು, ರಟ್ಟೆ ಸೋತಿತು. ಒಬ್ಬ ಮನುಷ್ಯ ಎಷ್ಟು ಹೊತ್ತು ತಿರುಗಿಸಿಯಾನು? ಗಿರಿಯಜ್ಜ ಎದ್ದು ಬಂದು, ಆ ವಯಸ್ಸಿನಲ್ಲಿ, ತಾನೊಂದು ಸಲ ತಿರುಗಿಸಿದ. ಚೌಡಪ್ಪ ಕೊನೆಯದಾಗಿ ಒಂದು ಸಲ ತಿರುಗಿಸಿ, ಇನ್ನು ಕೈಯಲ್ಲಿ ಆಗುವುದಿಲ್ಲ ಅಂತ ಕೋಲು ಕೆಳಗಿಟ್ಟ.

ತಿಗರಿ ನಿಧಾನವಾಯಿತು. ತಿಗರಿ ನಿಂತಿತು. ಸದ್ದು ನಿಲ್ಲಲಿಲ್ಲ.

ಚೌಡಪ್ಪ ತಿಗರಿಯನ್ನು ಮುಟ್ಟಿ ನೋಡಿದ. ಕಲ್ಲಿನ ಹಾಗೆ ನಿಂತಿತ್ತು. ಸದ್ದು ಅವನ ಮಡಿಲಿನಿಂದ ಬರುತ್ತಿತ್ತು. ಬೆಕ್ಕು ಆ ಸದ್ದನ್ನು ತನ್ನ ಗಂಟಲಿಗೆ ಇಳಿಸಿಕೊಂಡಿತ್ತು. ಮೊದಮೊದಲು ತಡವರಿಸಿ, ಆಮೇಲೆ ಒಂದೇ ಸಮನೆ. ಅದರ ಮೈಯೆಲ್ಲ ಸಣ್ಣಗೆ ಅದುರುತ್ತಿತ್ತು. ಮುಂಗಾಲು ಎರಡೂ ಅವನ ತೊಡೆಯ ಮೇಲೆ ಊರಿ, ಬಲಗಾಲು ಒತ್ತಿತು, ಎಡಗಾಲು ಒತ್ತಿತು, ಮತ್ತೆ ಬಲಗಾಲು. ಮಾಳವ್ವ ಮಣ್ಣು ತುಳಿಯುತ್ತಿದ್ದದ್ದೂ ಹೀಗೆಯೇ, ಅವಸರವಿಲ್ಲದೆ, ಬಲಗಾಲಿಂದ ಶುರು ಮಾಡಿ. ಇಷ್ಟೂ ವರ್ಷ ಗುಂಡಿಯ ಅಂಚಿನಲ್ಲಿ ಕೂತು ಅದು ನೋಡಿದ್ದು ಅದನ್ನೇ.

ಒಂಬತ್ತು ದಿನದಿಂದ ಅಳದಿದ್ದ ಚೌಡಪ್ಪ ಆಗ ಅತ್ತ. ಜಗಲಿಯ ಮೇಲೆ ಹಿರಿಯರು ಕೂತಿದ್ದಾರೆ ಅನ್ನುವ ನಾಚಿಕೆಯೂ ಇಲ್ಲದೆ ದೊಡ್ಡ ದನಿಯಲ್ಲಿ ಅತ್ತ. ಬೆಕ್ಕು ತುಳಿಯುವುದನ್ನು ನಿಲ್ಲಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವನು ಅಂಗೈಯಲ್ಲಿ ಒಂದಿಷ್ಟು ಹಾಲು ಹಾಕಿಕೊಂಡು ಹಿಡಿದ. ಬೂದಿ ಮೂಸಿ ನೋಡಿ, ಕುಡಿಯಿತು.

ಆಮೇಲೆ ಅದು ಮೆಲ್ಲಗೆ ಚೇತರಿಸಿಕೊಂಡಿತು. ಚೌಡಪ್ಪ ದಿನಾ ಸಂಜೆ ಕೆಲಸ ಬಿಟ್ಟು ಅದರ ಹತ್ತಿರ ಕೂರುತ್ತಿದ್ದ, ಅದು ದಿನಾ ಅವನ ತೊಡೆಯನ್ನು ತುಳಿಯುತ್ತಿತ್ತು. ನೆಮ್ಮದಿಯಾದಾಗಲೂ ಆ ಸದ್ದು, ಮೈಯಲ್ಲಿ ನೋವಿದ್ದಾಗಲೂ ಅದೇ ಸದ್ದು. ಒಂದು ಸಲ ನಾಯಿ ಕಚ್ಚಿ ಕಾಲು ಮುರಿದಾಗ ಹತ್ತು ದಿನ ಅವನ ಪಕ್ಕದಲ್ಲೇ ಮಲಗಿ, ಗುರ್ ಗುರ್ ಅನ್ನುತ್ತಲೇ ಕಾಲು ಕೂಡಿಸಿಕೊಂಡಿತು. ಅದರ ಮರಿಗಳು ಹೊಟ್ಟೆಯಲ್ಲಿದ್ದಾಗಲೇ ಕೇಳಿ ಕಲಿತವು, ಕಣ್ಣು ಬಿಡುವ ಮೊದಲೇ ತಾಯಿಯ ಹೊಟ್ಟೆಯನ್ನು ತುಳಿಯತೊಡಗಿದವು. ಆ ಮರಿಗಳು ಒಂದೊಂದಾಗಿ ಕೇರಿಯ ಮನೆಗಳಿಗೆ ಹೋದವು, ಅಲ್ಲಿಂದ ಊರೂರಿಗೆ ಹೋದವು.

ಬೂದಿ ಹಾಗೆ ತುಳಿಯುವಾಗೆಲ್ಲ ಯಾರನ್ನು ಹುಡುಕುತ್ತಿದೆ ಅಂತ ಚೌಡಪ್ಪನಿಗೆ ಗೊತ್ತಿತ್ತು. ತಾನು ಅವಳಲ್ಲ ಅನ್ನುವುದೂ ಗೊತ್ತಿತ್ತು. ಬೆಕ್ಕಿಗೂ ಅದು ಗೊತ್ತಿತ್ತು. ಆದರೂ ಅದು ಬರುವುದನ್ನು ಬಿಡಲಿಲ್ಲ, ಅವನು ಕೂರುವುದನ್ನು ಬಿಡಲಿಲ್ಲ.

ಅದಕ್ಕೇ ಮಗಾ, ಇವತ್ತಿಗೂ ಬೆಕ್ಕು ನಿನ್ನ ತೊಡೆ ಹತ್ತಿ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಅಂತ ಮೆಲ್ಲಗೆ ತುಳಿಯುತ್ತ ಗುರ್ ಗುರ್ ಅನ್ನುತ್ತೆ, ಅದು ಮಲಗುವವರೆಗೆ ನೀನು ಎದ್ದು ಹೋಗಬೇಡ.